ಹನ್ನೆರಡು ಮೊಳದ ಮನೆ

ಮನೆ ಖಾಲಿ ಮಾಡಿಕೊಡಿ ಎಂದು ಮಾಲೀಕರು ಹೇಳಿ ಹೋದ ಸಂಜೆ ನಮ್ಮ ಮನೆಯ ಮೂವರೂ ಬಾಗಿಲ ಹಿಂದಿನ ಗೂಟದ ಕಡೆ ನೋಡಿದರು. ನಾನು ಆ ಮೂವರನ್ನು ನೋಡಿದೆ. ಗೂಟದಲ್ಲಿ ನಮ್ಮ ಹಗ್ಗದ ಮೂರು ತುಂಡುಗಳಿದ್ದವು. ನನ್ನ ಗಂಡ ಸೋಮಶೇಖರ ಅವರದು ಒಂದು ಮೊಳ, ಮಗಳು ಮೈತ್ರಿಯದು ಒಂದು ಮೊಳ, ನನ್ನದು ಆರು. ಅವರಿಬ್ಬರವೂ ಚೊಕ್ಕವಾಗಿ ತೂಗುತ್ತಿದ್ದವು. ನನ್ನದು ನೆಲಕ್ಕೆ ಇಳಿಬಿದ್ದು, ಕಸ ಗುಡಿಸುವಾಗಲೆಲ್ಲ ಪೊರಕೆಗೆ ಸಿಕ್ಕಿಕೊಳ್ಳುತ್ತಿತ್ತು.

ಅತ್ತೆಯವರದು ಇರಲಿಲ್ಲ. ಐದು ವರ್ಷದ ಹಿಂದೆ ಈ ಮನೆಗೆ ಬರುವಾಗ ಅವರು, ನನಗಿನ್ನು ಯಾವ ದಾರಿ, ಎಂದು ಹಗ್ಗ ಬಿಟ್ಟುಕೊಟ್ಟಿದ್ದರು. ಅಂದಿನಿಂದ ಹೊಸ್ತಿಲಲ್ಲಿ ನಿಂತರೆ ಕಾಣುವಷ್ಟು ಬೀದಿಯೇ ಅವರ ಊರು. ಕಾಣುವಷ್ಟು ದೂರಕ್ಕೆ ನಮ್ಮಲ್ಲಿ ಯಾರಿಗೂ ಹಗ್ಗ ಬೇಕಿಲ್ಲ. ಅದರಾಚೆಗೆ ಬೇಕು. ಮೊಳಕ್ಕೆ ಕಾಲು ಗಂಟೆ. ನಾಲ್ಕು ಮೊಳದವರು ಎಲ್ಲಿಗೆ ಹೊರಟರೂ ಒಂದು ಗಂಟೆಯ ದಾರಿ, ಎರಡು ಮೊಳದವರಿಗೆ ಅರ್ಧ ಗಂಟೆ. ನಡೆದರೂ ಅಷ್ಟೇ, ಸೈಕಲ್ ತುಳಿದರೂ ಅಷ್ಟೇ. ನಮ್ಮ ಎದುರುಮನೆಯವರು ಒಂದು ಸಲ ಸ್ಕೂಟರ್ ಕೊಂಡರು. ಒಂದು ದಿನ ರೈಲ್ವೆ ಗೇಟು ಬಿತ್ತು, ಇನ್ನೊಂದು ದಿನ ಕುರಿಮಂದೆ ಅಡ್ಡ ಬಂತು, ಮೂರನೆಯ ದಿನ ಟೈರು ಹೋಯಿತು. ಆಮೇಲೆ ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದರು.

ಹಗ್ಗ ಮನೆಯದು, ಮನುಷ್ಯರದಲ್ಲ. ಒಂದೊಂದು ಮನೆಗೂ ಇಷ್ಟು ಮೊಳ ಎಂದಿರುತ್ತದೆ. ಒಕ್ಕಲು ಬರುವ ದಿನ ಹೊಸ್ತಿಲ ಹೊರಗೆ ನಿಂತು ಅದನ್ನು ಹೊರಗೆ ಹೋಗಿಬರುವವರಿಗೆ ಹಂಚಿ ಕತ್ತರಿಸಬೇಕು. ಒಂದು ಗೇಣೂ ಮಿಗಿಸುವಂತಿಲ್ಲ. ಕತ್ತರಿಸಿದ್ದು ಆ ಮನೆ ಬಿಡುವತನಕ ಕತ್ತರಿಸಿದ್ದೇ. ಬಿಡುವಾಗ ತುಂಡುಗಳನ್ನು ಒಪ್ಪಿಸಿದರೆ ಹಗ್ಗದ ಕಾಳಯ್ಯ ಅವನ್ನು ಮತ್ತೆ ಹೆಣೆದು, ಮುಂದಿನ ಸಂಸಾರಕ್ಕಾಗಿ ಗೂಟಕ್ಕೆ ತೂಗುಹಾಕುತ್ತಾನೆ.

ನಾನು ನೀರಿನ ಮನೆಯಲ್ಲಿ ಕೆಲಸ ಮಾಡುತ್ತೇನೆ. ಊರಿಗೆ ನೀರು ಬಿಡುವ ದೊಡ್ಡ ತೊಟ್ಟಿ ಅಲ್ಲಿದೆ. ಬೆಳಗ್ಗೆ ಆರಕ್ಕೆ ಗಾಜಿನ ನಳಿಕೆಯಲ್ಲಿ ಅದರ ನೀರು ಹಿಡಿದು, ಎರಡು ಹನಿ ಔಷಧಿ ಬಿಟ್ಟು, ಬಣ್ಣ ನೋಡಬೇಕು. ಹಳದಿಗೆ ತಿರುಗಿದರೆ ಸರಿ. ಎಷ್ಟು ಹಳದಿ ಎನ್ನುವುದರಲ್ಲಿದೆ ನಾನು ಕಾಲೇಜಿನಲ್ಲಿ ಕಲಿತದ್ದೆಲ್ಲ. ಒಂದು ಬೇಸಗೆಯಲ್ಲಿ ನಳಿಕೆ ತಿಳಿಯಾಗಿಯೇ ಉಳಿಯಿತು. ನಾನು ಮಧ್ಯಾಹ್ನದವರೆಗೆ ನೀರು ಬಿಡಲು ಒಪ್ಪಲಿಲ್ಲ. ಊರಿನವರು ಬಿಂದಿಗೆ ಹಿಡಿದು ಬಂದು ನನ್ನ ಅಪ್ಪ ಅಮ್ಮನನ್ನೆಲ್ಲ ಸ್ಮರಿಸಿದರು. ಮಧ್ಯಾಹ್ನ ಮೇಲಿನ ಕಾಲುವೆಯಲ್ಲಿ ಸತ್ತ ಎಮ್ಮೆಕರು ಸಿಕ್ಕಿತು. ಯಾರೂ ಏನೂ ಹೇಳದೆ ಬಿಂದಿಗೆ ಎತ್ತಿಕೊಂಡು ಹೋದರು. ಆ ಮೌನವನ್ನು ನಾನು ಇವತ್ತಿಗೂ ನನ್ನ ಬಡ್ತಿ ಎಂದೇ ಎಣಿಸುತ್ತೇನೆ.

ಈ ಕೆಲಸಕ್ಕಾಗಿ ಐದು ವರ್ಷ ನಾಲ್ಕೂವರೆಗೆ ಮನೆ ಬಿಟ್ಟಿದ್ದೇನೆ. ಆರು ಮೊಳ ಎಂದರೆ ಒಂದೂವರೆ ಗಂಟೆ. ಇವರ ಬೀಜದ ಗೋದಾಮು ತೆರೆಯುವುದು ಹತ್ತಕ್ಕೆ. ಒಂಬತ್ತೂ ಮುಕ್ಕಾಲಿಗೆ ಹೊರಡುತ್ತಾರೆ, ಒಂದಕ್ಕೆ ಊಟಕ್ಕೆ ಬರುತ್ತಾರೆ, ಬಿಸಿ ಅನ್ನಕ್ಕೆ ತುಪ್ಪ ಹಾಕಿಸಿಕೊಂಡು ಉಂಡು, ಹತ್ತು ನಿಮಿಷ ಕಣ್ಣು ಮುಚ್ಚಿ, ಮತ್ತೆ ಹೋಗುತ್ತಾರೆ. ಇದರಲ್ಲಿ ಅವರ ತಪ್ಪೇನೂ ಇಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಊರಿನ ಎಲ್ಲ ಮನೆಗಳಲ್ಲೂ ಹಾಗೇ ತಾನೆ.

ಮನೆ ಹುಡುಕಲು ಕಾಳಯ್ಯನ ಅಂಗಡಿಗೆ ನಾನೇ ಹೋದೆ. ಯಾವ ಮನೆ ಖಾಲಿ ಇದೆ, ಅದರ ಹಗ್ಗ ಎಷ್ಟು, ಎಲ್ಲ ಅವನ ಪುಸ್ತಕದಲ್ಲಿರುತ್ತದೆ. ನನ್ನನ್ನು ನೋಡಿ ಅವನು ಹಿಂದೆ ಇವರು ಬರುತ್ತಿದ್ದಾರೇನೋ ಎಂದು ಕಾದ.

"ಯಜಮಾನ್ರು ಬರಲಿಲ್ವಾ, ಅಮ್ಮಾವ್ರೆ?"

"ಗೋದಾಮಲ್ಲಿ ಇದ್ದಾರೆ. ನೀವು ಹೇಳಿ, ಎರಡು ಮೊಳದ್ದು ಯಾವುದಾದ್ರೂ ಖಾಲಿ ಇದೆಯಾ?"

ಕಾಳಯ್ಯ ಹಲ್ಲು ಕಾಣುವಂತೆ ನಕ್ಕ. "ಎರಡು ಮೊಳದ್ದು ಪೇಟೆಕಟ್ಟೆ ಸುತ್ತ ಹನ್ನೊಂದಿವೆ. ಅಲ್ಲಿರೋರು ಬಿಡಲ್ಲ, ಅವರಪ್ಪ ಬಿಡಲಿಲ್ಲ, ಅವರಜ್ಜ ಬಿಡಲಿಲ್ಲ. ಅವರ ಮನೆ ಬೆಕ್ಕು ಕೂಡ ಇನ್ನೊಬ್ಬರ ಮನೆಗೆ ಹೋಗಲ್ಲ. ನಿಮ್ಮ ಬಾಡಿಗೆಗೆ ಎರಡಿವೆ. ಎಣ್ಣೆ ಗಾಣದ ಮಹಡಿ, ಆರು ಮೊಳ. ತೋಪಿನ ಬೀದಿ ಮನೆ, ಹನ್ನೆರಡು."

ಅವನು ಬೀಗದ ಕೈ ತರಲು ಒಳಗೆ ಹೋದಾಗ ಪುಸ್ತಕ ನನ್ನ ಕಡೆಗೇ ತೆರೆದಿತ್ತು. ತೆರೆದಿಟ್ಟ ಪುಸ್ತಕ ಓದದೆ ಇರುವುದು ನನ್ನಿಂದಾಗದ ಕೆಲಸ. ಮನೆಯ ಗುರುತು, ಗಂಡಸಿನ ಹೆಸರು, ಅವನ ಮೊಳ. ಮಕ್ಕಳ ಹೆಸರು, ಅವರ ಮೊಳ. ಹೆಂಗಸಿನ ಹೆಸರು, ಅದರ ಮುಂದೆ 'ಉಳಿದದ್ದು'. ಪುಟ ತಿರುವಿದೆ. ಉಳಿದದ್ದು. ಇನ್ನೊಂದು ಪುಟ. ಉಳಿದದ್ದು, ಉಳಿದದ್ದು, ಉಳಿದದ್ದು. ಕಾಳಯ್ಯನ ಅಪ್ಪನ ಕೈಬರಹದ ಪುಟಗಳಲ್ಲೂ ಅದೇ. ಎಷ್ಟು ಮೊಳ ಎಂದು ಒಬ್ಬ ಹೆಂಗಸಿನ ಹೆಸರಿನ ಮುಂದೂ ಇರಲಿಲ್ಲ. ನನ್ನ ಹೆಸರು ಸಿಕ್ಕಿತು. ಐದು ವರ್ಷ ನಾನು ಆರು ಮೊಳ ಎಂದುಕೊಂಡು ನಡೆದದ್ದನ್ನು ಯಾರೂ ಅಳೆದೇ ಇರಲಿಲ್ಲ. ಗಡಿಯಾರ ನೋಡಿ ನಾನೇ ಕಂಡುಕೊಂಡದ್ದು ಅದು.

ಕಾಳಯ್ಯ ಬಂದು ಪುಸ್ತಕ ಮುಚ್ಚಿದ. ಒರಟಾಗಿ ಅಲ್ಲ, ಸೆಖೆಗೆ ಹಾಲಿನ ಪಾತ್ರೆ ಮುಚ್ಚಿದ ಹಾಗೆ.

"ಕಾಳಯ್ಯ, ಗಂಡಸರ ಹೆಸರಿನ ಮುಂದೆ ಉಳಿದದ್ದು ಅಂತ ಬರೆದದ್ದುಂಟಾ?"

"ಇಲ್ಲ."

"ಬರೀಬಾರ್ದು ಅಂತ ಎಲ್ಲಾದ್ರೂ ಇದೆಯಾ?"

ಅವನು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. "ಇಲ್ಲ. ಆದ್ರೆ ಯಾರೂ ಕೇಳಿಲ್ಲ, ಅಮ್ಮಾವ್ರೆ."

ಭಾನುವಾರ ಮೂವರೂ ಎರಡೂ ಮನೆ ನೋಡಿದೆವು. ಎರಡೂ ಕಡೆ ಅವರಿಬ್ಬರು ಮೊದಲೇ ತಲುಪಿ ನನಗಾಗಿ ಕಾದರು. ಅತ್ತೆಯವರಿಗೆ ಹಗ್ಗವಿಲ್ಲದ್ದರಿಂದ ಅವರನ್ನು ಬಿಟ್ಟೇ ಹೋದೆವು. ಮೊದಲು ಗಾಣದ ಮಹಡಿ. ಒಂದೇ ಕೋಣೆ, ಕೆಳಗಿನಿಂದ ಬರುವ ಹಿಂಡಿಯ ವಾಸನೆ, ಗೋಡೆಯುದ್ದಕ್ಕೂ ಎಣ್ಣೆಯ ಜಿಡ್ಡು. ಮೆಟ್ಟಿಲು ಏಣಿಯಷ್ಟು ಕಡಿದು. ಮೈತ್ರಿ ಅದನ್ನು ನಾಲ್ಕು ಸಲ ಹತ್ತಿ ಇಳಿದಳು. ನನಗೆ ಅತ್ತೆಯವರ ಮಂಡಿ ನೆನಪಾಯಿತು. ನನಗೆ ಆ ಮನೆ ಬೇಕಾಗಿತ್ತು, ಆದರೆ ಆ ಮೆಟ್ಟಿಲಲ್ಲಿ ಅವರನ್ನು ಹತ್ತಿಸುವುದು ಎಂದರೆ ಅವರನ್ನು ಇನ್ನು ಕೆಳಗೆ ಇಳಿಸುವುದಿಲ್ಲ ಎಂದೇ ಅರ್ಥ. ನಾನು ಇಳಿದು ಬಂದೆ.

ತೋಪಿನ ಬೀದಿಯ ಮನೆ ಬೇರೆಯೇ. ಮುಂದೆ ಜಗಲಿ, ಹಿಂದೆ ಬಟ್ಟೆ ಒಣಗಿಸಲು ಜಾಗ, ಅತ್ತೆಗೆ ಪ್ರತ್ಯೇಕ ಕೋಣೆ, ಅಡುಗೆಮನೆಯಲ್ಲಿ ಬೆಳಕು. ಬಾಗಿಲ ಹಿಂದೆ ಹಗ್ಗ ಹಾವು ಸುರುಳಿ ಸುತ್ತಿದ ಹಾಗೆ ಮೂರು ಸುತ್ತು. ಇವರು ಅದನ್ನು ನೋಡಲೇ ಇಲ್ಲ. ಕಿಟಕಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. "ಗಾಳಿ ನೋಡು ವೇದಾ, ಗಾಳಿ!" ಎಂದರು.

"ನನಗೆ ಎಷ್ಟು ಬರುತ್ತೆ?" ಎಂದು ಕೇಳಿದೆ.

"ಏನು ಎಷ್ಟು?"

"ಹಗ್ಗ ರೀ. ನಿಮಗೆ ಒಂದು, ಮೈತ್ರಿಗೆ ಒಂದು. ನನಗೆ ಹತ್ತು. ಎರಡೂವರೆ ಗಂಟೆ. ಆರಕ್ಕೆ ತೊಟ್ಟಿ ಹತ್ತಿರ ಇರಬೇಕು ಅಂದ್ರೆ ಮೂರೂವರೆಗೆ ಮನೆ ಬಿಡಬೇಕು. ವಾಪಸ್ ಬರೋಕೆ ಮತ್ತೆ ಎರಡೂವರೆ."

ಇವರು ಕಿಟಕಿಯ ಚಿಲಕವನ್ನು ಪರೀಕ್ಷಿಸಿದರು. ಚಿಲಕ ಚೆನ್ನಾಗಿಯೇ ಇತ್ತು. "ಯೋಚನೆ ಮಾಡೋಣ," ಎಂದರು.

ಇವರು ಎಂದೂ ನನಗೆ ಕೆಲಸ ಬಿಡು ಎಂದಿಲ್ಲ. ಅದನ್ನು ನ್ಯಾಯವಾಗಿ ಹೇಳಬೇಕು. ಯೋಚನೆ ಮಾಡೋಣ ಎನ್ನುತ್ತಾರೆ. ಯೋಚನೆ ಮಾಡಿ ಮಾಡಿ ದಾರಿ ಉದ್ದವಾಗುತ್ತ ಹೋಗುತ್ತದೆ, ಕೊನೆಗೆ ಬಿಡುವುದು ನಾನೇ ಆಗಿರುತ್ತೇನೆ. ತೋಪಿನ ಬೀದಿಯ ಜಗಲಿಗಳಲ್ಲಿ ಹಾಗೆ ಬಿಟ್ಟವರನ್ನು ಅವತ್ತೇ ನೋಡಿದ್ದೆ. ತರಕಾರಿ ಗಾಡಿ ಬರುವುದನ್ನು ಕಾಯುತ್ತ ಕೂತಿದ್ದರು. ಹತ್ತು ಮೊಳದ ಹೆಂಗಸು ಕೊತ್ತಂಬರಿಗೆ ಅಂಗಡಿಗೆ ಹೊರಟರೂ ಹೋಗಿ ಬರಲು ಐದು ಗಂಟೆ. ಅದಕ್ಕೇ ಅವರು ಹೊರಡುವುದಿಲ್ಲ. ಹೊರಡದೆ ಇದ್ದರೆ ಹಗ್ಗದ ಉದ್ದ ಯಾರಿಗೂ ನೋಯುವುದಿಲ್ಲ. ಎಲ್ಲರಿಗೂ ಅನುಕೂಲ.

ರಾತ್ರಿ ಊಟಕ್ಕೆ ಕೂತ ಕೂಡಲೇ ಅತ್ತೆಯವರು ತೀರ್ಮಾನ ಕೊಟ್ಟುಬಿಟ್ಟರು. "ತೋಪಿನ ಬೀದಿದೇ ಆಗಲಿ. ಗಾಳಿ ಬೆಳಕು ಇರೋ ಮನೆ ಬಿಟ್ಟು ಹಿಂಡಿ ವಾಸನೆ ಕುಡ್ಕೊಂಡು ಇರೋಕಾಗುತ್ತಾ?"

"ಆಗಲಿ ಅತ್ತೆ," ಎಂದೆ. "ಮನೆ ನಿಮ್ಮಿಷ್ಟದ್ದೇ. ಆದ್ರೆ ಹಗ್ಗದಲ್ಲಿ ನನಗೆ ಎರಡೇ ಮೊಳ."

ಅತ್ತೆ ತಟ್ಟೆಯಿಂದ ಕಣ್ಣೆತ್ತಿದರು. ಪುಟ್ಟಗೌರಮ್ಮ ಎಂದು ಹೆಸರಾದರೂ ಅವರಲ್ಲಿ ಪುಟ್ಟದು ಎನ್ನುವಂಥದ್ದು ಯಾವುದೂ ಇಲ್ಲ, ಧ್ವನಿಯಂತೂ ಇಲ್ಲವೇ ಇಲ್ಲ. "ಎರಡು? ನಿಂಗೆ ಗೊತ್ತಾ ನಂಗೆ ಎಷ್ಟಿತ್ತು ಅಂತ? ಹದಿಮೂರು. ಮೂರು ಜನ ಮೈದುನರು, ಮಾವ, ಇವನಪ್ಪ, ಎಲ್ರದೂ ತೆಗೆದು ಉಳಿದದ್ದು. ನಮ್ಮಮ್ಮನ ಮನೆ ಮೂರು ಬೀದಿ ಆಚೆ. ಬೆಳಗ್ಗೆ ಹೊರಟ್ರೆ ಮಧ್ಯಾಹ್ನದ ಹೊತ್ತಿಗೆ ಹೋಗ್ತಿದ್ದೆ. ನಾನೇನು ಸತ್ತೆನಾ?"

"ಇಲ್ಲ ಅತ್ತೆ."

"ಮತ್ತೆ?"

"ಮತ್ತೇನಿಲ್ಲ. ಎರಡು."

ಇವರು ನಕ್ಕುಬಿಟ್ಟರು. ನಕ್ಕರೆ ಮಾತು ಮುಗಿಯುತ್ತದೆ ಎನ್ನುವುದು ಇವರ ಅನುಭವ. "ಸರಿ ಸರಿ, ಅವತ್ತಿನ ದಿನ ನೋಡಿಕೊಳ್ಳೋಣ ಕಣೇ. ಸಾರು ಬಡಿಸು."

ಸಾರು ಬಡಿಸಿದೆ. ನನಗೆ ಜಗಳ ಬರುವುದಿಲ್ಲ. ಯಾರಾದರೂ ಧ್ವನಿ ಎತ್ತಿದರೆ ಮೊದಲು ಬಾಗಿಲು ಎಲ್ಲಿದೆ ಎಂದು ನೋಡುವ ಪೈಕಿ ನಾನು. ಮಗಳು ಶಾಲೆಯಿಂದ ಐದು ನಿಮಿಷ ತಡವಾಗಿ ಬಂದರೆ ನನ್ನ ಮನಸ್ಸಿನಲ್ಲಿ ಐದು ಥರದ ಅಪಘಾತ ಆಗಿರುತ್ತವೆ. ಇಂಥವಳಿಗೆ ಧೈರ್ಯ ಎಲ್ಲಿಂದ ಬಂತು ಎಂದು ಆಮೇಲೆ ಬಹಳ ಜನ ಕೇಳಿದರು. ಧೈರ್ಯ ಬರಲಿಲ್ಲ. ಭಯ ಅಷ್ಟೇ ಇತ್ತು. ಆ ಜಗಲಿಯ ಮೇಲೆ ಕೂತು ಗಾಡಿ ಕಾಯುವ ಭಯ, ಇದುವರೆಗಿನ ನನ್ನೆಲ್ಲ ಭಯಗಳಿಗಿಂತ ದೊಡ್ಡದಾಗಿತ್ತು, ಅಷ್ಟೇ ವ್ಯತ್ಯಾಸ.

ಇನ್ನೊಂದು ಭಯವೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ನಾನು ಎರಡು ತೆಗೆದುಕೊಂಡರೆ ಹತ್ತು ಉಳಿಯುತ್ತದೆ. ಇವರು ತಮಗೆ ಒಂದನ್ನೇ ಇಟ್ಟುಕೊಂಡು ಉಳಿದದ್ದನ್ನು ಮೈತ್ರಿಗೆ ಹಾಕಿದರೆ? ಒಂಬತ್ತು ವರ್ಷದ ಮಗು. ಒಂಬತ್ತು ಮೊಳ ಹಾಕಿದರೆ ಶಾಲೆ ಅಲ್ಲಿಗೆ ಮುಗಿಯಿತು. ಮಕ್ಕಳ ಪಾಲು ಹೇಳುವುದು ತಂದೆ. ಅದರಲ್ಲಿ ತಾಯಿಗೆ ಮಾತಿಲ್ಲ. ಇವರು ಹಾಗೆ ಮಾಡುವವರಲ್ಲ ಎಂದು ನನಗೆ ಗೊತ್ತು. ಆದರೆ ಬಿಸಿ ಅನ್ನದ ಅಭ್ಯಾಸ ಮನುಷ್ಯನ ಕೈಯಲ್ಲಿ ಏನು ಮಾಡಿಸುತ್ತದೆ ಎಂದು ಗೊತ್ತಿರಲಿಲ್ಲ. ಹನ್ನೆರಡು ವರ್ಷ ಸಂಸಾರ ಮಾಡಿದ ಮೇಲೂ ಗೊತ್ತಿರಲಿಲ್ಲ ಎನ್ನುವುದೇ ನನ್ನನ್ನು ಆ ವಾರವಿಡೀ ಕೊರೆಯಿತು.

ಒಕ್ಕಲು ಹೋಗುವ ದಿನ ಬೆಳಗ್ಗೆ ಎಂಟಕ್ಕೆ ಗಾಡಿಯಲ್ಲಿ ಸಾಮಾನು ಬಂತು. ಅತ್ತೆಯವರನ್ನು ಸಾಮಾನಿನ ಜೊತೆಗೇ ಹಾಸಿಗೆ ಸುರುಳಿಯ ಮೇಲೆ ಕೂರಿಸಿಕೊಂಡು ಬಂದೆವು. ಮನೆ ಬದಲಿಸುವ ದಿನ ಮಾತ್ರ ಹಗ್ಗವಿಲ್ಲದವರಿಗೂ ದಾರಿ ಬಿಡುತ್ತದೆ. ಅವರು ದಾರಿಯುದ್ದಕ್ಕೂ, ಅರೆ ಇಲ್ಲಿ ಬೇವಿನ ಮರ ಇತ್ತಲ್ಲ, ಅರೆ ಈ ಅಂಗಡಿ ಯಾವಾಗ ಬಂತು, ಎಂದು ಎರಡೂ ಕಡೆ ಕತ್ತು ತಿರುಗಿಸುತ್ತಲೇ ಇದ್ದರು. ಪೇಟೆಕಟ್ಟೆ ದಾಟುವಾಗ ಗಾಡಿಯವನಿಗೆ, ಸ್ವಲ್ಪ ನಿಧಾನ ಹೊಡಿಯಪ್ಪ, ಎಂದರು.

ಕಾಳಯ್ಯ ಕುಡುಗೋಲು, ಪುಸ್ತಕ ಹಿಡಿದು ಹೊಸ್ತಿಲ ಹೊರಗೆ ಕಾಯುತ್ತಿದ್ದ. ಎದುರು ಜಗಲಿಗಳಲ್ಲಿ ಹೆಂಗಸರು ಬಂದು ಕೂತರು. ಹೊಸ ಒಕ್ಕಲಿನ ಹಗ್ಗ ಕತ್ತರಿಸುವುದನ್ನು ನೋಡುವುದು ಅವರಿಗೆ ದಾರಿ ನಡೆಯದೆ ಸಿಗುವ ನಾಟಕ. ಕಾಳಯ್ಯ ಹಗ್ಗವನ್ನು ನೆಲಕ್ಕೆ ಬಿಚ್ಚಿ ಹರಡಿ, ಒಂದು ತುದಿಯನ್ನು ಎತ್ತಿ, ವಾಡಿಕೆಯಂತೆ ಇವರ ಕಡೆ ಚಾಚಿದ.

"ಯಜಮಾನ್ರೆ, ನಿಮ್ಮದು?"

ಇವರು ಕೈ ಚಾಚುವಷ್ಟರಲ್ಲಿ ನಾನು ಆ ತುದಿಯನ್ನು ಹಿಡಿದುಕೊಂಡೆ. ಹಗ್ಗ ಬಿರುಸಾಗಿತ್ತು. ಎಷ್ಟೋ ಮನೆಯವರ ಗಂಟುಗಳು ಕೈಗೆ ಸಿಕ್ಕವು.

"ಎರಡು ಮೊಳ. ವೇದಾವತಿ ಹೆಸರಿಗೆ. ಮೊದಲು ಇದನ್ನ ಕತ್ತರಿಸಿ, ಕಾಳಯ್ಯ."

ಎದುರು ಜಗಲಿಯಲ್ಲಿ ಯಾರೋ "ಅಯ್ಯೋ" ಎಂದರು. ಇವರು ನಕ್ಕರು. ಯಾರೂ ಜೊತೆಗೆ ನಗಲಿಲ್ಲ.

"ತಮಾಷೆ ಮಾಡ್ತಾಳೆ ಕಾಳಯ್ಯ. ನೀವು ನಂದು ಅಳೀರಿ."

"ತಮಾಷೆ ಅಲ್ಲ. ಎರಡು ಸಲ ಹೇಳಿದ್ದೀನಿ. ಮನೆ ನೋಡಿದ ದಿನ ಊಟಕ್ಕೆ ಕೂತಾಗ ಹೇಳಿದೆ, ನಿನ್ನೆ ಪಾತ್ರೆ ಕಟ್ಟುವಾಗ ಹೇಳಿದೆ."

"ಬೀದೀಲಿ ಏನೇ ಇದು ವೇದಾ?"

"ಹಗ್ಗ ಕತ್ತರಿಸೋದು ಬೀದೀಲೇ ತಾನೆ. ನಾನೇನು ಬೇರೆ ಜಾಗ ಆರಿಸಿದೆನಾ?"

ಕಾಳಯ್ಯ ಒಮ್ಮೆ ಇವರನ್ನು, ಒಮ್ಮೆ ನನ್ನನ್ನು ನೋಡಿದ. "ಮೊದಲು ಹಿಡಿದವರದ್ದು ಮೊದಲು ಕತ್ತರಿಸಬೇಕು ಸ್ವಾಮಿ. ನಮ್ಮಪ್ಪ ಹೇಳಿಕೊಟ್ಟದ್ದು ಅಷ್ಟೇ. ಯಾವಾಗಲೂ ಯಜಮಾನ್ರೇ ಮೊದಲು ಹಿಡೀತಿದ್ರು, ಅದಕ್ಕೆ..." ಎಂದು ಮಾತು ನಿಲ್ಲಿಸಿ, ತನ್ನ ಮೊಳಕೈಯನ್ನು ಹಗ್ಗಕ್ಕಿಟ್ಟು ಎರಡು ಸಲ ಅಳೆದ. ಕುಡುಗೋಲು ಆಡಿತು. ಎರಡು ಮೊಳದ ತುಂಡು ನನ್ನ ಕೈಯಲ್ಲಿ ಉಳಿಯಿತು. ಅದು ಇಷ್ಟು ಹಗುರವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಇನ್ನು ಹಿಂತೆಗೆಯುವಂತಿರಲಿಲ್ಲ. ನೆಲದ ಮೇಲೆ ಹತ್ತು ಮೊಳ ಬಿದ್ದಿತ್ತು. ಇವರ ಮುಖ ಕೆಂಪಾಗಿತ್ತು. ಕಾಳಯ್ಯ ಕೇಳಿದ, "ಮಗೂದು, ಯಜಮಾನ್ರೆ?"

ಇವರು ಮೈತ್ರಿಯನ್ನು ನೋಡಿದರು. ನಾನು ಇವರನ್ನು ನೋಡಿದೆ. ಹಗ್ಗ ನೋಡಿ, ಮಗು ನೋಡಿ, ಮತ್ತೆ ಹಗ್ಗ ನೋಡಿದರು.

"ಒಂದು ನಾಲ್ಕು ಹಾಕಿದ್ರೆ..." ಎಂದರು. "ಎಂಟೂವರೆಗೆ ಶಾಲೆ. ಏಳೂವರೆಗೆ ಹೊರಟ್ರೆ ಆಯ್ತು. ಮಕ್ಕಳು ನಡೆದ್ರೆ ಕಾಲು ಗಟ್ಟಿಯಾಗುತ್ತೆ."

"ಹಾಕಿ," ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. "ಆದ್ರೆ ಯಾಕೆ ಅಂತ ಅವಳಿಗೆ ನೀವೇ ಹೇಳಿ. ಅಪ್ಪ ಮಧ್ಯಾಹ್ನ ಬಿಸಿ ಅನ್ನ ಉಣ್ಣಬೇಕು, ಅದಕ್ಕೆ ನೀನು ದಿನಾ ಎರಡು ಗಂಟೆ ನಡೀಬೇಕು ಅಂತ ಹೇಳಿ. ಇಲ್ಲೇ ಹೇಳಿ. ನಾನು ಮಧ್ಯೆ ಬಾಯಿ ಹಾಕಲ್ಲ."

ಮೈತ್ರಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಇವರು ಬಾಯಿ ತೆರೆದರು. ಎದುರು ಜಗಲಿಯಲ್ಲಿ ಬಳೆ ಸದ್ದು ಕೂಡ ನಿಂತಿತ್ತು. ಒಬ್ಬ ಮನುಷ್ಯ ಮನಸ್ಸಿನಲ್ಲಿ ಸಲೀಸಾಗಿ ಅಂದುಕೊಂಡ ಮಾತನ್ನು ಬಾಯಿಂದ ಹೇಳಲಾಗದೆ ನಿಲ್ಲುವುದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಕನಿಕರವಾಯಿತು. ಆದರೂ ಸಹಾಯಕ್ಕೆ ಹೋಗಲಿಲ್ಲ.

"ಒಂದು," ಎಂದರು ಕೊನೆಗೆ. "ಮಗೂಗೆ ಒಂದೇ ಹಾಕಿ."

ಕಾಳಯ್ಯ ಒಂದು ಮೊಳ ಕತ್ತರಿಸಿ ಮೈತ್ರಿಯ ಕೈಗೆ ಕೊಟ್ಟ. ಅವಳು ಅದನ್ನು ಸೊಂಟಕ್ಕೆ ಸುತ್ತಿಕೊಂಡು ಗಾಡಿಯ ಹಿಂಬದಿಗೆ ಓಡಿದಳು. ಉಳಿದದ್ದು ಒಂಬತ್ತು. ಎರಡೂ ಕಾಲು ಗಂಟೆ.

ಆಗ ಹಾಸಿಗೆ ಸುರುಳಿಯ ಮೇಲಿಂದ ಅತ್ತೆಯವರ ಧ್ವನಿ ಬಂತು. "ಕಾಳಯ್ಯ, ಅದರಲ್ಲಿ ನಂಗೆ ಮೂರು ಹಾಕಯ್ಯ."

ಇವರು ತಿರುಗಿದರು. "ಅಮ್ಮ? ನೀನೆಲ್ಲಿಗೆ ಹೋಗ್ತೀಯ?"

"ಹೋಗ್ತೀನೋ ಬಿಡ್ತೀನೋ, ನಿಂಗ್ಯಾಕೆ?"

"ಮಂಡಿ ನೋವು ಅಂತೀಯಲ್ಲ."

"ಮಂಡಿ ನಂದು." ಅತ್ತೆ ನನ್ನ ಕಡೆ ತಿರುಗಿ ಬೆರಳು ಚಾಚಿದರು. "ನೀನು ಹಿಗ್ಗಬೇಡ. ನಿಂಗೋಸ್ಕರ ಅಲ್ಲ. ನನ್ನ ಮಗ ಒಂಬತ್ತು ಮೊಳ ನಡೆದು ಸೊರಗೋದನ್ನ ನೋಡಲಾರೆ, ಅದಕ್ಕೆ."

"ಗೊತ್ತು ಅತ್ತೆ," ಎಂದೆ.

"ಮತ್ತೆ ಆ ಪೇಟೆಕಟ್ಟೆ ಹತ್ರ ಒಂದು ಬಳೆ ಅಂಗಡಿ ಬಂದಿದೆ," ಎಂದರು ಅವರು, ಯಾರನ್ನೂ ನೋಡದೆ.

ಮೂರು ಮೊಳ ಕತ್ತರಿಸಿ ಅವರ ಮಡಿಲಿಗೆ ಹಾಕಿದ ಮೇಲೆ ಕಾಳಯ್ಯ ಪುಸ್ತಕ ತೆರೆದು, ಸೀಸದ ಕಡ್ಡಿಯನ್ನು ನಾಲಿಗೆಗೆ ತಾಗಿಸಿಕೊಂಡ. ವೇದಾವತಿ, ಎರಡು. ಮೈತ್ರಿ, ಒಂದು. ಪುಟ್ಟಗೌರಮ್ಮ, ಮೂರು. ಸೋಮಶೇಖರ. ಅಲ್ಲಿ ಅವನ ಕೈ ನಿಂತಿತು.

"ಆರು ಅಂತ ಬರೀಲಾ ಸ್ವಾಮಿ?"

ಇವರು ನೆಲದಿಂದ ಹಗ್ಗವನ್ನು ತಾವೇ ಎತ್ತಿ ಸುತ್ತಿಕೊಳ್ಳತೊಡಗಿದರು. ಇವರು ಹಗ್ಗ ಸುತ್ತಿ ಅಭ್ಯಾಸವಿಲ್ಲದವರು. ತುದಿ ಕಾಲಿಗೆ ಸಿಕ್ಕಿಕೊಂಡಿತು.

"ಅಳೆದಿಲ್ಲವಲ್ಲ," ಎಂದೆ. "ಅಳೆಯದೆ ಇದ್ದದ್ದಕ್ಕೆ ಏನು ಬರೀತೀರೋ ಅದನ್ನೇ ಬರೀರಿ."

ಕಾಳಯ್ಯ ಬರೆದ. ಅವನ ಪುಸ್ತಕದಲ್ಲಿ ಆ ಪದ ಆ ಜಾಗದಲ್ಲಿ ಮೊದಲ ಸಲ ಕೂತಿತು. ಅವನ ಕಿವಿ ಕೆಂಪಾಗಿದ್ದವು. ಒಳಗೆ ಹೋಗಿ ಹಾಲು ಉಕ್ಕಿಸಿದೆ. ಇವರು ಆ ದಿನವಿಡೀ ನನ್ನ ಜೊತೆ ಮಾತಾಡಲಿಲ್ಲ. ಹಾಲು ಮಾತ್ರ ಕುಡಿದರು.

ಮರುದಿನ ಐದೂವರೆಗೆ ಹೊರಟೆ. ಐದು ವರ್ಷದಲ್ಲಿ ಮೊದಲ ಸಲ ನಾನು ಹೊರಡುವಾಗ ಬೀದಿಯಲ್ಲಿ ರಂಗೋಲಿ ಹಾಕುವವರಿದ್ದರು. ಅವರೆಲ್ಲ ಎದ್ದು ನಿಂತು ನನ್ನ ಸೊಂಟದ ತುಂಡನ್ನು ನೋಡಿದರು. ಒಬ್ಬಾಕೆ ಕೈಯಲ್ಲಿ ರಂಗೋಲಿ ಪುಡಿ ಹಿಡಿದೇ, "ಎಷ್ಟ್ರೀ, ನಿಜವಾಗ್ಲೂ ಎರಡೇನಾ?" ಎಂದು ಕೇಳಿದಳು. "ಅಳೆಸಿಕೊಂಡೆ," ಎಂದೆ. ಆಕೆ ಪುಡಿಯ ಬಟ್ಟಲು ಕೆಳಗಿಟ್ಟು ಮನೆಯೊಳಗೆ ಹೋದದ್ದು ಕಾಣಿಸಿತು. ಆಮೇಲೆ ಅಲ್ಲಿ ಏನಾಯಿತೋ ಗೊತ್ತಿಲ್ಲ. ನನಗೆ ನಿಲ್ಲಲು ಸಮಯವಿರಲಿಲ್ಲ.

ಸರಿಯಾಗಿ ಆರಕ್ಕೆ ನೀರಿನ ಮನೆಯ ಬಾಗಿಲು ತಳ್ಳಿದೆ. ನನ್ನ ಕುರ್ಚಿಯಲ್ಲಿ ಪಂಪಿನ ವಿಭಾಗದ ಮಹಲಿಂಗ ಕೂತಿದ್ದ. ಮೇಜಿನ ಮೇಲೆ ಅವನ ಎಲೆಯಡಿಕೆ ಚೀಲ. ನನ್ನ ನಳಿಕೆಗಳನ್ನೆಲ್ಲ ಒಂದು ಡಬ್ಬಿಗೆ ತುಂಬಿ ಕಿಟಕಿಯಲ್ಲಿಟ್ಟಿದ್ದರು. ಬಾಗಿಲ ಪಕ್ಕ ನಿಂತಿದ್ದ ಸೂಪರಿಂಟೆಂಡೆಂಟ್ ಜಯದೇವಪ್ಪನವರು ನನ್ನನ್ನು ನೋಡಿ, ಗಡಿಯಾರ ನೋಡಿ, ಮತ್ತೆ ನನ್ನನ್ನು ನೋಡಿದರು.

"ನೀವಾ? ಸಾಮಾನು ತಗೊಂಡು ಹೋಗೋಕೆ ಬಂದ್ರಾ?"

"ಕೆಲಸಕ್ಕೆ ಬಂದೆ, ಸಾರ್."

"ಅಲ್ಲಮ್ಮ, ನೀವು ತೋಪಿನ ಬೀದಿಗೆ ಹೋಗ್ತಿದ್ದೀರಿ ಅಂತ ಮೊನ್ನೆಯೇ ಗೊತ್ತಾಯ್ತು. ಹನ್ನೆರಡು ಮೊಳದ ಮನೆ. ನಿಮ್ಮ ರಾಜೀನಾಮೆ ಅಂಗೀಕಾರ ಮಾಡಿ ಜಾಗ ಮಹಲಿಂಗನಿಗೆ ಕೊಟ್ಟಾಯ್ತಲ್ಲ."

"ರಾಜೀನಾಮೆ ನಾನು ಬರೆದಿಲ್ಲ."

"ಬರೆಯೋದೇನು? ಮನೆ ಬದಲಿಸಿದ್ರಿ ಅಂದ್ರೆ ಬರೆದ ಹಾಗೇ." ಅವರ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಗಲಿಬಿಲಿಗೊಂಡಿದ್ದರು. "ಹಿಂದೆ ನಿಮ್ಮ ಜಾಗದಲ್ಲಿದ್ದ ಇಬ್ಬರು ಹೆಂಗಸರೂ ಹಾಗೇ ಹೋದ್ರು. ಅವರೂ ಬರೆದು ಕೊಡಲಿಲ್ಲ. ನಾವೂ ಕೇಳಲಿಲ್ಲ. ಹೋಗಿದ್ದಾರೆ ಅಂತ ತಿಳ್ಕೊಂಡ್ವಿ."

"ನಾನು ಹೋಗಿಲ್ಲ," ಎಂದೆ. "ಆರು ಗಂಟೆಗೆ ಇಲ್ಲಿದ್ದೀನಿ. ಮಹಲಿಂಗ, ಏಳಿ."

ಮಹಲಿಂಗ ಜಯದೇವಪ್ಪನವರ ಕಡೆ ನೋಡಿದ. ಮಹಲಿಂಗ ಏಳಲಿಲ್ಲ.

ನಾನು ಕಾಯಲಿಲ್ಲ. ಕಿಟಕಿಯಿಂದ ಡಬ್ಬಿ ಇಳಿಸಿ, ನಳಿಕೆಗಳನ್ನು ಒಂದೊಂದಾಗಿ ತೊಳೆದೆ. ತೊಟ್ಟಿಗೆ ಇಳಿದು ನೀರು ಹಿಡಿದು ತಂದೆ. ಕುರ್ಚಿಯ ಪಕ್ಕ ನಿಂತೇ, ಮಹಲಿಂಗನ ಎಲೆಯಡಿಕೆ ಚೀಲವನ್ನು ಸರಿಸಿ, ಎರಡು ಹನಿ ಔಷಧಿ ಬಿಟ್ಟೆ. "ಇದರ ಬಣ್ಣ ಏನು ಅಂತ ಹೇಳಿ, ಮಹಲಿಂಗ," ಎಂದೆ. "ಕೂತಿದ್ದೀರಲ್ಲ, ಹೇಳಿ. ನೀರು ಬಿಡಬಹುದಾ?"

ಅವನು ನಳಿಕೆಯನ್ನು ಬೆಳಕಿಗೆ ಹಿಡಿದ, ಆ ಕಡೆ ಈ ಕಡೆ ತಿರುಗಿಸಿದ. "ಹಳದಿ ಇದೆ," ಎಂದ.

"ಎಷ್ಟು ಹಳದಿ?"

ಮಹಲಿಂಗ ಕೆಟ್ಟವನಲ್ಲ. ನಳಿಕೆಯನ್ನು ಎಚ್ಚರಿಕೆಯಿಂದ ನನ್ನ ಕೈಗೆ ಕೊಟ್ಟು, ಎಲೆಯಡಿಕೆ ಚೀಲ ತೆಗೆದುಕೊಂಡು ಎದ್ದ. ಕುರ್ಚಿ ಬೆಚ್ಚಗಿತ್ತು. ನಾನು ಕೂತು ಇನ್ನೊಂದು ಸಲ ಪರೀಕ್ಷೆ ಮಾಡಿದೆ, ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು ಎದ್ದು ಹೋಗಿ ಚಕ್ರ ತಿರುಗಿಸಿದೆ. ಗೋಡೆಯೊಳಗಿನ ಕೊಳವೆಗಳಲ್ಲಿ ನೀರು ಊರಿನ ಕಡೆ ನುಗ್ಗಿದ ಸದ್ದು ಕೇಳಿಸಿತು. ಜಯದೇವಪ್ಪನವರು ಇನ್ನೂ ಬಾಗಿಲಲ್ಲೇ ಇದ್ದರು.

"ಹನ್ನೆರಡು ನಿಮಿಷ ತಡ ಆಯ್ತು," ಎಂದರು. ಅವರಿಗೂ ಏನಾದರೂ ಹೇಳಬೇಕಿತ್ತು.

"ಬರೀತೀನಿ ಸಾರ್."

ದಿನದ ವರದಿಯ ಹಾಳೆ ತೆಗೆದೆ. ನೀರು ಬಿಟ್ಟ ಸಮಯ, ಆರು ಗಂಟೆ ಹನ್ನೆರಡು ನಿಮಿಷ. ಪರೀಕ್ಷೆ ಮಾಡಿದವರು, ವೇದಾವತಿ. ತಡವಾದ ಕಾರಣ ಎನ್ನುವ ಸಾಲಿನ ಮುಂದೆ ಸ್ವಲ್ಪ ಹೊತ್ತು ಯೋಚಿಸಿದೆ. ನನಗೆ ಒರಟು ಪದ ಬರುವುದಿಲ್ಲ. ಸುಳ್ಳೂ ಬರೆಯಬಾರದಲ್ಲ. ಆಮೇಲೆ ದುಂಡಗಿನ ಅಕ್ಷರದಲ್ಲಿ ಬರೆದೆ: ಕುರ್ಚಿ ಖಾಲಿ ಇರಲಿಲ್ಲ.